ಬೆಳಿಗ್ಗೆ 23, ಸಂಜೆ 15: ಅಮ್ಮನ ಕಣ್ಣಿನ ಪ್ರೆಶರ್ ಇದರಲ್ಲಿ ಯಾವುದು?

ಘೋಡ್‌ಬಂದರ್_ಗೌರಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ಸ್ವಲ್ಪ ತಿಳಿಸಿ.

ಅಮ್ಮನಿಗೆ 64 ವರ್ಷ. ಶಿರಸಿಯ ಮನೆ ಬಿಟ್ಟು ಈಗ ಠಾಣೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಕನ್ನಡಕ ಬದಲಿಸಲು ಹೋದಾಗ ಅಂಗಡಿಯವರು ಕಣ್ಣಿಗೆ ಫುಸ್ ಅಂತ ಗಾಳಿ ಊದುವ ಮೆಷಿನ್‌ನಲ್ಲಿ ಪ್ರೆಶರ್ ನೋಡಿದರು. ಸಂಜೆ ಏಳರ ಹೊತ್ತು. 15 ಬಂತು, ನಾರ್ಮಲ್ ಅಂದರು. ಆದರೆ ಕಣ್ಣಿನ ನರ ನೋಡಿ ಅನುಮಾನ ಬಂತಂತೆ, ಒಮ್ಮೆ ಡಾಕ್ಟರಿಗೆ ತೋರಿಸಿ ಅಂದರು. ಡಾಕ್ಟರ್ ಹತ್ತಿರ ಬೆಳಿಗ್ಗೆ ಎಂಟಕ್ಕೆ ಹೋದೆವು. ಅಲ್ಲಿ 23! ಈಗ ಅವರು "ಒಂದು ದಿನ ಪೂರ್ತಿ ಬಂದು ಇಲ್ಲೇ ಕೂರಿ, ಎರಡೆರಡು ಗಂಟೆಗೊಮ್ಮೆ ನೋಡೋಣ" ಅನ್ನುತ್ತಿದ್ದಾರೆ.

ನಮ್ಮ ಯಜಮಾನರ ಪ್ರಕಾರ ಇದು ಬಿಲ್ ಬೆಳೆಸುವ ದಾರಿ. ಚಿಕ್ಕಮ್ಮ ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೋ ಪ್ರಕಾರ ಬೆಳಿಗ್ಗೆ ಹಾರ್ಮೋನ್ ಜಾಸ್ತಿ, ಅದಕ್ಕೇ ಕಣ್ಣಿನ ಒತ್ತಡ ಜಾಸ್ತಿ. ಅಮ್ಮನ ಪ್ರಕಾರ ಇದು ಪೊರೆ, ಆಪರೇಷನ್ ಮಾಡಿಸಿದರೆ ಆಯಿತು. ಹಾರ್ಮೋನಿಗೂ ಕಣ್ಣಿಗೂ ಏನು ಸಂಬಂಧ? ಹೊತ್ತು ನೋಡಿಕೊಂಡು ಕಣ್ಣಿನ ಒತ್ತಡ ಏರುತ್ತಾ, ಇಳಿಯುತ್ತಾ?

ಮುಲುಂಡ್_ಮೋಹನ

ಯಜಮಾನರು ಹೇಳಿದ್ದೇ ಸರಿ. ಒಂದು ಸಲ ನೋಡಿದರೆ ಒಂದು ಫೀಸು, ಆರು ಸಲ ನೋಡಿದರೆ ಆರು ಫೀಸು. ಲೆಕ್ಕ ಸುಲಭ.

ದಾದರ್_ದೃಷ್ಟಿ

ಮೋಹನ ಅವರೇ, ಫೀಸಿನ ಅನುಮಾನ ಇದ್ದರೆ ಇಡೀ ದಿನಕ್ಕೆ ಎಷ್ಟು ಅಂತ ಮೊದಲೇ ಕೇಳಿದರೆ ಮುಗಿಯಿತು. ಪರೀಕ್ಷೆಯೇ ಸುಳ್ಳು ಅನ್ನಬೇಡಿ. ನಾನು ಆಪ್ಟೋಮೆಟ್ರಿಸ್ಟ್, ದಿನಾ ಇದೇ ಕೆಲಸ.

ಗೌರಿ ಅವರೇ, 15 ಕೂಡ ನಿಜ, 23 ಕೂಡ ನಿಜ. ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಏನೂ ತೊಂದರೆ ಇಲ್ಲದವರಲ್ಲೂ ಅದು ದಿನದೊಳಗೆ 3ರಿಂದ 6ರಷ್ಟು ಏರಿಳಿಯುತ್ತದೆ. ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ, ಇರುವವರಲ್ಲಿ ಈ ಏರಿಳಿತ ಇನ್ನೂ ಜಾಸ್ತಿ. ಅಮ್ಮನ ವಿಷಯದಲ್ಲಿ ಡಾಕ್ಟರಿಗೆ ಇದರದ್ದೇ ಅನುಮಾನ ಇರಬೇಕು. ಹಾಗಾಗಿ ಸಂಜೆ ಏಳರ ಒಂದು ನಂಬರ್ ಹಿಡಿದುಕೊಂಡು ನಾರ್ಮಲ್ ಅನ್ನುವುದು ಅವಸರ. ಅಂಗಡಿಯವರು ನರ ನೋಡಿ ಡಾಕ್ಟರ್ ಹತ್ತಿರ ಕಳಿಸಿದರಲ್ಲ, ಅವರಿಗೆ ಒಂದು ಥ್ಯಾಂಕ್ಸ್ ಹೇಳಿ.

ಮೆಷಿನ್ ಕೂಡ ಬೇರೆ ಬೇರೆ ಅನ್ನುವುದು ನೆನಪಿರಲಿ. ಡಾಕ್ಟರ್ ಬಳಸಿದ್ದು ಗೋಲ್ಡ್‌ಮನ್ ಟೋನೋಮೀಟರ್ ಇರಬೇಕು. ಕಣ್ಣು ಮರಗಟ್ಟಿಸುವ ಹನಿ, ಹಳದಿ ಬಣ್ಣ, ನೀಲಿ ಬೆಳಕು, ನೆನಪಿದೆಯಾ ಕೇಳಿ ನೋಡಿ. ನಮ್ಮ ಕಡೆಯಿಂದ ಕಾಣುವುದು ಎರಡು ಹಸಿರು ಅರ್ಧವೃತ್ತ. ಗುಂಡಿ ತಿರುಗಿಸುತ್ತಾ ಒಂದರ ಒಳ ಅಂಚು ಇನ್ನೊಂದರ ಒಳ ಅಂಚಿಗೆ ತಾಗುವ ಹಾಗೆ ತರಬೇಕು. ಆದರೆ ಅವು ಸುಮ್ನೆ ನಿಲ್ಲುವುದಿಲ್ಲ. ಪೇಷಂಟಿನ ನಾಡಿಯ ಜೊತೆ ಮಿಡಿಯುತ್ತಲೇ ಇರುತ್ತವೆ. ಒಂದೊಂದು ಹೃದಯ ಬಡಿತಕ್ಕೂ ಒತ್ತಡ ಸ್ವಲ್ಪ ಏರಿ ಇಳಿಯುವುದು ಕಣ್ಣೆದುರೇ ಕಾಣುತ್ತದೆ. ನಾವು ಅದರ ಮಧ್ಯದ ಬಿಂದು ಹಿಡಿದು ನಂಬರ್ ಬರೆಯುತ್ತೇವೆ.

ಅಮ್ಮನಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ. ಪೊರೆ ಬಂದರೆ ಲೆನ್ಸ್ ಬದಲಿಸಬಹುದು. ಗ್ಲಾಕೋಮಾದಲ್ಲಿ ಹೋದ ನರ ಮತ್ತೆ ಬರುವುದಿಲ್ಲ. ಉಳಿದಿರುವುದನ್ನು ಕಾಪಾಡುವುದಷ್ಟೇ ಚಿಕಿತ್ಸೆ.

ಘೋಡ್‌ಬಂದರ್_ಗೌರಿ

ಹೇಳಿದ್ದೇನೆ. ಮುಖ ಸಣ್ಣದಾಯಿತು. ಆದರೂ ಹೇಳಬೇಕಿತ್ತು. ಈ ಒತ್ತಡ ಯಾವುದರದ್ದು? ಕಣ್ಣೀರಿನದ್ದಾ?

ದಾದರ್_ದೃಷ್ಟಿ

ಅಲ್ಲ. ಕಣ್ಣೀರು ಹೊರಗಿನದು. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಹಿಂದೆ ಒಂದು ತಿಳಿ ದ್ರವ ಇದೆ. ಹಗಲಲ್ಲಿ ನಿಮಿಷಕ್ಕೆ 2ರಿಂದ 3 ಮೈಕ್ರೋಲೀಟರ್ ಹೊಸದಾಗಿ ಹುಟ್ಟುತ್ತದೆ, ಅಷ್ಟೇ ಹೊರಗೆ ಹರಿದುಹೋಗುತ್ತದೆ. ಅಡುಗೆಮನೆ ಸಿಂಕಿನ ಹಾಗೆ, ಮೇಲೆ ನಲ್ಲಿ, ಕೆಳಗೆ ಜಾಲರಿ. ಜಾಲರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ರಾತ್ರಿ ನಲ್ಲಿ ತಾನಾಗಿಯೇ ಸಣ್ಣದಾಗುತ್ತದೆ. ನಿದ್ದೆಯಲ್ಲಿ ಉತ್ಪತ್ತಿ ಹಗಲಿನ ಅರ್ಧದಷ್ಟಕ್ಕೆ ಇಳಿಯುತ್ತದೆ.

ಘೋಡ್‌ಬಂದರ್_ಗೌರಿ

ಒಂದು ನಿಮಿಷ. ರಾತ್ರಿ ದ್ರವ ಅರ್ಧ ಆಗುತ್ತೆ ಅಂದರೆ ಬೆಳಿಗ್ಗೆ ಪ್ರೆಶರ್ ಕಡಿಮೆ ಇರಬೇಕಲ್ವಾ? ಅಮ್ಮನಿಗೆ ಉಲ್ಟಾ ಯಾಕೆ?

ಮುಲುಂಡ್_ಮೋಹನ

ಹಾಂ. ಈಗ ಉತ್ತರ ಕೊಡಿ ದೃಷ್ಟಿಯವರೇ 😄

ಕೋಥ್ರೂಡ್_ಮೇಷ್ಟ್ರು

ಪ್ರಶ್ನೆ ಚೆನ್ನಾಗಿದೆ. ನಾನು ಪುಣೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ.

ಮೊದಲನೆಯದು, ಮಲಗುವುದು. ಕೂತಾಗ ಕಣ್ಣು ಎದೆಗಿಂತ ಮೇಲಿರುತ್ತದೆ. ಮಲಗಿದರೆ ಎರಡೂ ಒಂದೇ ಮಟ್ಟ. ಕಣ್ಣಿನ ಸುತ್ತಲಿನ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ, ದ್ರವ ಹೊರಹೋಗುವುದು ಕಷ್ಟವಾಗುತ್ತದೆ. ರಾತ್ರಿ ಆ ಜಾಲರಿಯ ದಾರಿಯೂ ಸ್ವಲ್ಪ ನಿಧಾನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದಲ್ಲಿ ಜಾನ್ ಲಿಯು, ರಾಬರ್ಟ್ ವೈನ್‌ರೆಬ್ ಮತ್ತಿತರರು ಜನರನ್ನು ಸ್ಲೀಪ್ ಲ್ಯಾಬ್‌ನಲ್ಲಿ ಮಲಗಿಸಿ, ರಾತ್ರಿ ಎಬ್ಬಿಸಿ ಎಬ್ಬಿಸಿ ಅಳೆದರು. ಬಹಳಷ್ಟು ಜನರಲ್ಲಿ ಒತ್ತಡ ಅತಿ ಹೆಚ್ಚಿದ್ದದ್ದು ಕ್ಲಿನಿಕ್ ಬಾಗಿಲು ಹಾಕಿರುವ ಹೊತ್ತಿನಲ್ಲಿ!

ಎರಡನೆಯದು, ನಿಮ್ಮ ಚಿಕ್ಕಮ್ಮನ ಹಾರ್ಮೋನ್. ಅಡ್ರಿನಲ್ ಗ್ರಂಥಿಯಿಂದ ಬರುವ ಕಾರ್ಟಿಸಾಲ್ ಮಧ್ಯರಾತ್ರಿಯ ಆಸುಪಾಸಿನಲ್ಲಿ ತಳದಲ್ಲಿರುತ್ತದೆ. ಬೆಳಗಿನ ಜಾವ ಏರತೊಡಗಿ, ಎದ್ದ ಮುಕ್ಕಾಲು ಗಂಟೆಯೊಳಗೆ ಶಿಖರ ಮುಟ್ಟುತ್ತದೆ. ಇದನ್ನು ನಡೆಸುವುದು ಮೆದುಳಿನಲ್ಲಿ, ಎರಡೂ ಕಣ್ಣಿನ ನರಗಳು ಸೇರುವ ಜಾಗದ ಮೇಲೆಯೇ ಕೂತಿರುವ ಸುಮಾರು 20,000 ನರಕೋಶಗಳ ಒಂದು ಗಂಟು. ಅದೇ ದೇಹದ ಮುಖ್ಯ ಗಡಿಯಾರ. ಇನ್ನೊಂದು ಕಡೆ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹಗಲಲ್ಲಿ ಜಾಸ್ತಿ, ನಿದ್ದೆಯಲ್ಲಿ ಕಡಿಮೆ. ದ್ರವ ಹುಟ್ಟಿಸುವ ಕೋಶಗಳನ್ನು ಹಗಲಲ್ಲಿ ಚುರುಕಾಗಿಡುವುದು ಇವೇ.

2020ರಲ್ಲಿ ಜಪಾನಿನ ಸಂಶೋಧಕರು ಇಲಿಗಳಲ್ಲಿ ಇದನ್ನು ಬಿಡಿಸಿ ನೋಡಿದರು. ಅಡ್ರಿನಲ್ ಗ್ರಂಥಿ ತೆಗೆದರೂ ಕಣ್ಣಿನ ಒತ್ತಡದ ಲಯ ಪೂರ್ತಿ ಹೋಗಲಿಲ್ಲ. ಕಣ್ಣಿಗೆ ನಾರ್‌ಅಡ್ರಿನಲಿನ್ ಸುದ್ದಿ ಒಯ್ಯುವ ಸಿಂಪಥೆಟಿಕ್ ನರ ಕತ್ತರಿಸಿದರೂ ಹೋಗಲಿಲ್ಲ. ಎರಡನ್ನೂ ತೆಗೆದಾಗ ಲಯ ಅಳಿಸಿಹೋಯಿತು. ಅಂದರೆ ಮೆದುಳಿನ ಗಡಿಯಾರ ಕಣ್ಣಿಗೆ ಎರಡು ದಾರಿಯಲ್ಲಿ ಸುದ್ದಿ ಕಳಿಸುತ್ತದೆ, ಒಂದು ರಕ್ತದಲ್ಲಿ ಹಾರ್ಮೋನ್ ಮೂಲಕ, ಇನ್ನೊಂದು ನರದ ಮೂಲಕ. ಇಲಿ ನಿಶಾಚರಿ, ಅದರ ಏರಿಳಿತ ನಮ್ಮದರ ಹಾಗೆಯೇ ಇರಬೇಕೆಂದಿಲ್ಲ. ಆದರೆ ದಾರಿ ಎರಡು ಅನ್ನುವುದು ದೊಡ್ಡ ಸುಳಿವು.

ಹಾಗಾಗಿ ಚಿಕ್ಕಮ್ಮನ ವಿಡಿಯೋ ಅರ್ಧ ಸರಿ. ಹಾರ್ಮೋನ್ ಒಂದೇ ಕಾರಣ ಅಂದರೆ ತಪ್ಪು.

ಕಾಂದಿವಲಿ_ಕಷಾಯ

ಕಾರ್ಟಿಸಾಲ್ ಜಾಸ್ತಿ ಆಗಿದ್ದಕ್ಕೆ ತಾನೇ ಇಷ್ಟೆಲ್ಲ? ಅಶ್ವಗಂಧ ಹಾಲಿನಲ್ಲಿ ಹಾಕಿ ಕುಡಿಸಿ. ಸ್ಟ್ರೆಸ್ ಇಳಿಯುತ್ತೆ, ಪ್ರೆಶರ್ ತಾನಾಗಿ ಇಳಿಯುತ್ತೆ. ಈ ಡ್ರಾಪ್ಸ್ ಎಲ್ಲ ಕೆಮಿಕಲ್.

ಕೋಥ್ರೂಡ್_ಮೇಷ್ಟ್ರು

ಬೆಳಿಗ್ಗೆ ಕಾರ್ಟಿಸಾಲ್ ಏರುವುದು ಕಾಯಿಲೆ ಅಲ್ಲ. ಏರದಿದ್ದರೆ ಕಾಯಿಲೆ. ಎಲ್ಲರಿಗೂ ಏರುತ್ತದೆ, ಎಲ್ಲರಿಗೂ ಗ್ಲಾಕೋಮಾ ಬರುವುದಿಲ್ಲ.

ದಾದರ್_ದೃಷ್ಟಿ

ಹಾಲೂ ಕೆಮಿಕಲ್ಲೇ. ದಯವಿಟ್ಟು ಡ್ರಾಪ್ಸ್ ಬಿಡಿ ಅಂತ ಯಾರಿಗೂ ಹೇಳಬೇಡಿ. ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಿಲ್ಲ. ಅಂಚಿನ ನೋಟ ಮೊದಲು ಹೋಗುತ್ತದೆ, ಎದುರಿನದು ಕೊನೆಯವರೆಗೂ ಚೆನ್ನಾಗಿರುತ್ತದೆ. ಡ್ರಾಪ್ಸ್ ಬಿಟ್ಟವರಿಗೆ ಬಿಟ್ಟಿದ್ದರ ಪರಿಣಾಮ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಮಾಪುಸಾ_ಮಲ್ಲಪ್ಪ

ಹಾರ್ಮೋನಿಗೂ ಕಣ್ಣಿಗೂ ಏನು ಸಂಬಂಧ ಅಂತ ಕೇಳಿದಿರಿ. ನನ್ನ ಕಥೆ ಕೇಳಿ. 2023ರ ಮಳೆಗಾಲದಲ್ಲಿ ಎಲ್ಲ ಕಡೆ ಕೆಂಗಣ್ಣು ಬಂದಿತ್ತಲ್ಲ, ಪುಣೆ ಹತ್ತಿರ ಆಳಂದಿಯಲ್ಲಂತೂ ಶಾಲೆ ಮಕ್ಕಳಿಗೆಲ್ಲ. ನನಗೂ ಬಂತು. ಡಾಕ್ಟರ್ ಹತ್ತಿರ ಯಾರು ಹೋಗುತ್ತಾರೆ ಅಂತ ಮೆಡಿಕಲ್ ಶಾಪಿಗೆ ಹೋದೆ. ಒಂದು ಡ್ರಾಪ್ಸ್ ಕೊಟ್ಟರು. ಹಾಕಿದರೆ ಮ್ಯಾಜಿಕ್! ಸಂಜೆಗೆ ಕೆಂಪು ಮಾಯ. ಆಮೇಲೆ ಕಣ್ಣು ಸ್ವಲ್ಪ ಉರಿದರೂ ಸಾಕು, ಅದೇ ಡ್ರಾಪ್ಸ್. ಗೋಡಂಬಿ ಫ್ಯಾಕ್ಟರಿ ಹೊಗೆಗೆ ಕಣ್ಣು ಉರಿಯುವುದು ದಿನದ ಮಾತು, ಹಾಗಾಗಿ ಬಾಟಲಿ ಜೇಬಲ್ಲೇ.

ಒಂದು ದಿನ ಬೀದಿ ದೀಪದ ಸುತ್ತ ಬಣ್ಣದ ಬಳೆ ಕಾಣಿಸಿತು. ಆಸ್ಪತ್ರೆಗೆ ಹೋದರೆ ಒತ್ತಡ 38. ಡಾಕ್ಟರ್ ಬಾಟಲಿ ನೋಡಿ ಬೈದರು, ಅದರಲ್ಲಿ ಸ್ಟೀರಾಯ್ಡ್ ಇತ್ತು. ಕಾರ್ಟಿಸಾಲ್‌ನ ಅಣ್ಣನ ಮಗ ಅಂದರು. ನಿಲ್ಲಿಸಿದ ಮೇಲೆ ಇಳಿಯಿತು. ಬಲಗಣ್ಣಿನ ಮೂಗಿನ ಕಡೆ ನೋಟ ಸ್ವಲ್ಪ ಹೋಗಿದೆ, ಅದು ಹೋದದ್ದೇ.

ದಾದರ್_ದೃಷ್ಟಿ

ಮಲ್ಲಪ್ಪ ಅವರೇ, ಇದನ್ನು ಬರೆದದ್ದು ಒಳ್ಳೆಯದಾಯಿತು. ಸ್ಟೀರಾಯ್ಡ್ ಹನಿ ವಾರಗಟ್ಟಲೆ ಹಾಕಿದರೆ ಮೂವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ಒತ್ತಡ ಏರುತ್ತದೆ. ನೂರರಲ್ಲಿ ನಾಲ್ಕೈದು ಜನರಿಗೆ ತೀರಾ ಜಾಸ್ತಿ ಏರುತ್ತದೆ. ಜಾಲರಿಯಲ್ಲಿ ಅಂಟು ಪದಾರ್ಥ ಕೂಡಿಕೊಂಡು ದಾರಿ ಬಿಗಿಯಾಗುತ್ತದೆ. ಕಣ್ಣಿನ ಸುತ್ತ ಹಚ್ಚುವ ಕೆಲವು ಬಿಳಿ ಆಗುವ ಕ್ರೀಮ್‌ಗಳಲ್ಲೂ ಸ್ಟೀರಾಯ್ಡ್ ಇರುತ್ತದೆ, ಅದೂ ಸಾಕು. ಕೆಂಗಣ್ಣು ಬಹಳ ಸಲ ವೈರಸ್‌ನದ್ದು. ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ.

ಮುಲುಂಡ್_ಮೋಹನ

ಅಂದರೆ ಮೆಡಿಕಲ್ ಶಾಪ್ ಕೂಡ ನಂಬುವ ಹಾಗಿಲ್ಲ. ನಾನು ಹೇಳಿದ್ದು ಅದೇ ತಾನೇ.

ಹಿಂಜವಡಿ_ನಿಶಾಚರ · ಸೋಮವಾರ ಬೆಳಗಿನ ಜಾವ 3:12

ನಾನು ಅಮೆರಿಕದ ಕ್ಲೈಂಟ್‌ಗೆ ಸಪೋರ್ಟ್ ಕೊಡುವವನು. ಸಂಜೆ ಆರಕ್ಕೆ ಲಾಗಿನ್, ಬೆಳಿಗ್ಗೆ ಮೂರಕ್ಕೆ ಮುಗಿಯುತ್ತೆ, ಮಲಗುವುದು ಐದಕ್ಕೆ. ನನ್ನ ಕಣ್ಣಿಗೆ ಬೆಳಿಗ್ಗೆ ಯಾವುದು? ಅಪ್ಪನಿಗೆ ಗ್ಲಾಕೋಮಾ ಇದೆ, ನನಗೂ ಚೆಕ್ ಮಾಡಿಸಿಕೋ ಅಂದಿದ್ದಾರೆ.

ಕಿಂಗ್ಸ್‌ಸರ್ಕಲ್_ಕ್ಯಾಶಿಯರ್

ನಿಶಾಚರರೇ, ನೀವು ಮಲಗುವ ಹೊತ್ತಿಗೆ ನಮ್ಮ ಹೋಟೆಲ್‌ನಲ್ಲಿ ಮೊದಲ ಇಡ್ಲಿ ಒಬ್ಬೆ ಇಳಿದಿರುತ್ತದೆ. ನಮ್ಮ ಭಟ್ಟರು ಮೂರೂವರೆಗೆ ಏಳುತ್ತಾರೆ. ಸಾಂಬಾರಿಗೆ ಬೇಳೆ ಇಟ್ಟು, ಚಟ್ನಿ ರುಬ್ಬಿ, ನಾಲ್ಕೂಮುಕ್ಕಾಲಿಗೆ ಇಡ್ಲಿ ತಟ್ಟೆ ಇಡುತ್ತಾರೆ. ಮಧ್ಯಾಹ್ನ ಊಟದ ರಶ್ ಮುಗಿದ ಮೇಲೆ ಎರಡೂವರೆಗೆ ಅಟ್ಟದ ಮೇಲೆ ಮಲಗಿದರೆ ಐದರವರೆಗೆ ಎಬ್ಬಿಸುವ ಹಾಗಿಲ್ಲ. ರಾತ್ರಿ ಹತ್ತೂವರೆಗೆ ಮತ್ತೆ ನಿದ್ದೆ. ಒಂದೇ ದಿನದಲ್ಲಿ ಎರಡು ಬೆಳಿಗ್ಗೆ ಅವರಿಗೆ. ಅವರಿಗೂ ಕಣ್ಣಿನ ಒತ್ತಡ ಇದೆ, ಡ್ರಾಪ್ಸ್ ಯಾವ ಬೆಳಿಗ್ಗೆ ಹಾಕಬೇಕು ಅಂತ ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ.

ದಾದರ್_ದೃಷ್ಟಿ

ಇದೇ ನಾನು ಕಾಯುತ್ತಿದ್ದ ಮಾತು. ಡಾಕ್ಟರಿಗೆ ಮಲಗುವ ಏಳುವ ಸಮಯ ಹೇಳಲೇಬೇಕು. ಅವರು ಕೇಳದಿದ್ದರೂ ಹೇಳಿ.

ಕಾರಣ ಇದೆ. ಟಿಮೊಲಾಲ್ ಅನ್ನುವ ಹನಿ ಅಡ್ರಿನಲಿನ್ ಮಾತು ದ್ರವ ಹುಟ್ಟಿಸುವ ಕೋಶಗಳಿಗೆ ತಲುಪದಂತೆ ತಡೆಯುತ್ತದೆ. ಹಗಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಿದ್ದೆಯಲ್ಲಿ ಆ ಮಾತೇ ಇರುವುದಿಲ್ಲ, ಹಾಗಾಗಿ ರಾತ್ರಿ ಅದರಿಂದ ಹೆಚ್ಚು ಉಪಯೋಗವಿಲ್ಲ. ದಿನಕ್ಕೆ ಒಂದೇ ಸಲ ಅಂದಿದ್ದರೆ ಸಾಮಾನ್ಯವಾಗಿ ಎದ್ದ ಮೇಲೆ ಹಾಕಲು ಹೇಳುತ್ತಾರೆ. ಲಾಟಾನೊಪ್ರಾಸ್ಟ್ ಬೇರೆ ಜಾತಿ. ಅದು ಹೊರದಾರಿ ತೆರೆಯುತ್ತದೆ, ಹಗಲೂ ರಾತ್ರಿಯೂ ಕೆಲಸ ಮಾಡುತ್ತದೆ. ಅದನ್ನು ಮಲಗುವ ಮುಂಚೆ ಹಾಕುವುದು ರೂಢಿ.

ವಾಸ್ಕೊ_ವೀಣಾ

ಟಿಮೊಲಾಲ್ ಹಾಕುವ ಮೊದಲು ಅಸ್ತಮಾ ಇದೆಯಾ ಅಂತ ಹೇಳಿ, ಇದು ದೊಡ್ಡಕ್ಷರದಲ್ಲಿ ಓದಿಕೊಳ್ಳಿ. ನಮ್ಮ ಮಾವನಿಗೆ ಉಬ್ಬಸ ಇತ್ತು, ಕಣ್ಣಿನ ಡಾಕ್ಟರಿಗೆ ಉಬ್ಬಸದ ವಿಷಯ ಯಾಕೆ ಅಂತ ಹೇಳಲಿಲ್ಲ. ಹನಿ ಹಾಕಿದ ರಾತ್ರಿಯೇ ಎದೆ ಸೀಟಿ ಹೊಡೆಯಿತು. ಕಣ್ಣಿಗೆ ಹಾಕಿದ್ದು ಮೂಗಿನ ದಾರಿಯಲ್ಲಿ ರಕ್ತಕ್ಕೆ ಇಳಿಯುತ್ತದೆ.

ದಾದರ್_ದೃಷ್ಟಿ

ನಿಜ. ನಾಡಿ ನಿಧಾನ ಇರುವವರೂ ಹೇಳಬೇಕು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ರಕ್ತಕ್ಕೆ ಇಳಿಯುವುದು ಕಡಿಮೆಯಾಗುತ್ತದೆ.

ಹಿಂಜವಡಿ_ನಿಶಾಚರ

ಥ್ಯಾಂಕ್ಸ್. ಇನ್ನೊಂದು. ನಿದ್ದೆಗೆ ಅಂತ ಟೀಮಿನಲ್ಲಿ ಎಲ್ಲರೂ ಮೆಲಟೋನಿನ್ ಗಮ್ಮಿ ತಿನ್ನುತ್ತಾರೆ. ಅದೂ ಹಾರ್ಮೋನ್ ಅಲ್ವಾ? ಕಣ್ಣಿಗೆ ಏನಾದರೂ ಮಾಡುತ್ತಾ?

ಕೋಥ್ರೂಡ್_ಮೇಷ್ಟ್ರು

ಆಹಾ, ನನ್ನ ಇಷ್ಟದ ವಿಷಯಕ್ಕೆ ಬಂದಿರಿ.

ಮೆಲಟೋನಿನ್ ಅನ್ನು 1958ರಲ್ಲಿ ಬೇರ್ಪಡಿಸಿದವರು ಯೇಲ್‌ನ ಏರನ್ ಲರ್ನರ್. ಅವರು ನಿದ್ದೆಯ ಡಾಕ್ಟರ್ ಅಲ್ಲ, ಚರ್ಮದ ಡಾಕ್ಟರ್. ತೊನ್ನಿಗೆ ಏನಾದರೂ ಸಿಗುತ್ತಾ ಅಂತ ದನಗಳ ಮೆದುಳಿನ ಪೀನಿಯಲ್ ಗ್ರಂಥಿಗಳನ್ನು ರಾಶಿ ರಾಶಿ ಅರೆದು ಸೋಸಿದರು. ತುಂಬಾ ದಿನ ಇದು ಮೆದುಳಿನ ಹಾರ್ಮೋನ್ ಅಂತಲೇ ಪಾಠ. 1996ರಲ್ಲಿ ಜಿಯಾನ್‌ಲೂಕಾ ಟೊಸಿನಿ, ಮೈಕೆಲ್ ಮೆನಾಕರ್ ಹ್ಯಾಮ್‌ಸ್ಟರ್‌ನ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪದರ, ತೆಗೆದು ಕತ್ತಲೆಯಲ್ಲಿ ತಟ್ಟೆಯಲ್ಲಿಟ್ಟರು. ದೇಹ ಇಲ್ಲ, ಮೆದುಳು ಇಲ್ಲ, ಬೆಳಕೂ ಇಲ್ಲ. ಆದರೂ ಆ ರೆಟಿನಾ ಸರಿಯಾಗಿ ದಿನಕ್ಕೊಮ್ಮೆ ಮೆಲಟೋನಿನ್ ಏರಿಸಿ ಇಳಿಸುತ್ತಲೇ ಇತ್ತು! ಕಣ್ಣಿಗೆ ತನ್ನದೇ ಗಡಿಯಾರ ಇದೆ ಅಂತ ಸಸ್ತನಿಗಳಲ್ಲಿ ಸಾಬೀತಾಯಿತು.

ರಾತ್ರಿ ರೆಟಿನಾದಲ್ಲಿ ಮೆಲಟೋನಿನ್, ಹಗಲು ಡೋಪಮೈನ್. ಒಂದು ಇನ್ನೊಂದನ್ನು ತುಳಿಯುತ್ತದೆ. ಮೆಲಟೋನಿನ್ ಕತ್ತಲೆಗೆ ತಯಾರು ಮಾಡುತ್ತದೆ, ಡೋಪಮೈನ್ ಬೆಳಕಿಗೆ. ಮಂದ ಬೆಳಕಿನಲ್ಲಿ ನೋಡುವ ಕಂಬಿಯಾಕಾರದ ಕೋಶಗಳು ಬೆಳಗಾಗುತ್ತಿದ್ದಂತೆ ತಮ್ಮ ಹಳೆಯ ತುದಿಯನ್ನು, ಸುಮಾರು ಹತ್ತನೇ ಒಂದು ಭಾಗ, ಕಳಚಿಹಾಕುತ್ತವೆ. ಹಿಂದಿನ ಪದರದ ಕೋಶಗಳು ಅದನ್ನು ನುಂಗುತ್ತವೆ. ಮ್ಯಾಥ್ಯೂ ಲವೇಲ್ 1976ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಅಂದರೆ ಹತ್ತು ದಿನಕ್ಕೆ ಇಡೀ ಕಂಬಿ ಹೊಸದು. ನೀವು ಕಾಫಿ ಕುಡಿಯುವ ಹೊತ್ತಿಗೆ ಇಷ್ಟೆಲ್ಲ ಕಸ ಗುಡಿಸಿ ಆಗಿರುತ್ತದೆ.

ಗಮ್ಮಿ ವಿಷಯ. ಸಣ್ಣ ಅಧ್ಯಯನಗಳಲ್ಲಿ ಮೆಲಟೋನಿನ್ ಕಣ್ಣಿನ ಒತ್ತಡ ಸ್ವಲ್ಪ ಇಳಿಸಿದ್ದು ಕಂಡಿದೆ. ಅದು ಗ್ಲಾಕೋಮಾ ಔಷಧಿ ಅಲ್ಲ. ನಿಮ್ಮ ಸಮಸ್ಯೆ ಗಮ್ಮಿ ಅಲ್ಲ, ಮೂರು ಗಂಟೆಗೆ ಮುಖಕ್ಕೆ ಹೊಡೆಯುವ ಟ್ಯೂಬ್‌ಲೈಟ್.

ಹಿಂಜವಡಿ_ನಿಶಾಚರ

ನೀಲಿ ಬೆಳಕು ತಡೆಯುವ ಕನ್ನಡಕ ಹಾಕಿದ್ದೇನೆ ಮೇಷ್ಟ್ರೇ. 1,800 ರೂಪಾಯಿ.

ಮುಲುಂಡ್_ಮೋಹನ

1,800! ಯಾರಪ್ಪಾ ಬಿಲ್ ಬೆಳೆಸುವುದು ಸುಳ್ಳು ಅಂದವರು?

ದಾದರ್_ದೃಷ್ಟಿ

ಈ ಒಂದು ವಿಷಯದಲ್ಲಿ ಮೋಹನ ಅವರ ಪಾರ್ಟಿ ನಾನು. ಅಂಗಡಿಯ ಆ ಬಣ್ಣವಿಲ್ಲದ ಲೆನ್ಸ್ ತಡೆಯುವ ನೀಲಿ ಬಹಳ ಕಡಿಮೆ. ಲೈಟ್ ಕಡಿಮೆ ಮಾಡಿ, ಸ್ಕ್ರೀನ್ ಮಂದ ಮಾಡಿ. ಅದು ಫ್ರೀ.

ವಾಸ್ಕೊ_ವೀಣಾ

ಇಲ್ಲಿ ನನ್ನ ತಮ್ಮನ ವಿಷಯ ಹೇಳಬೇಕು ಅನಿಸಿತು. ಅವನಿಗೆ ಹುಟ್ಟಿನಿಂದ ಎರಡೂ ಕಣ್ಣು ಕಾಣುವುದಿಲ್ಲ. ಬಾಯಿನಾದಲ್ಲಿ ನಮ್ಮ ಜೊತೆಗಿದ್ದಾಗ ಒಂದೊಂದು ವಾರ ಸರಿಯಾಗಿ ಮಲಗುತ್ತಿದ್ದ. ಆಮೇಲೆ ನಿದ್ದೆ ದಿನದಿಂದ ದಿನಕ್ಕೆ ಮುಂದೆ ಹೋಗುತ್ತಾ, ಕೊನೆಗೆ ಮಧ್ಯಾಹ್ನ ಗೊರಕೆ, ರಾತ್ರಿಯಿಡೀ ರೇಡಿಯೋ. ಇನ್ನು ಸ್ವಲ್ಪ ದಿನಕ್ಕೆ ಮತ್ತೆ ತಾನಾಗಿ ಸರಿ. ಸೋಮಾರಿ ಅಂತ ಅಪ್ಪ ಬೈಯುತ್ತಿದ್ದರು. ಇದೂ ಇದಕ್ಕೇ ಸೇರಿದ್ದಾ?

ಕೋಥ್ರೂಡ್_ಮೇಷ್ಟ್ರು

ಖಂಡಿತ ಇದಕ್ಕೇ ಸೇರಿದ್ದಿರಬಹುದು, ಸೋಮಾರಿತನ ಅಲ್ಲವೇ ಅಲ್ಲ. ನಮ್ಮ ಒಳಗಡಿಯಾರ ಸರಿಯಾಗಿ 24 ಗಂಟೆಯದ್ದಲ್ಲ, ಬಹಳ ಜನರಲ್ಲಿ ಸ್ವಲ್ಪ ಉದ್ದ. ಕಣ್ಣಿಗೆ ಬೀಳುವ ಬೆಳಕು ದಿನಾ ಅದನ್ನು ತಿದ್ದುತ್ತದೆ. ಬೆಳಕು ಗಡಿಯಾರಕ್ಕೆ ತಲುಪದಿದ್ದರೆ ನಿದ್ದೆ ದಿನಾ ಸ್ವಲ್ಪ ಸ್ವಲ್ಪ ಜಾರುತ್ತದೆ, ಸುತ್ತು ಹೊಡೆದು ಮತ್ತೆ ಜಾಗಕ್ಕೆ ಬರುತ್ತದೆ. ಇದಕ್ಕೆ ವೈದ್ಯರು ಕಾಯಿಲೆಯ ಹೆಸರೇ ಕೊಟ್ಟಿದ್ದಾರೆ, ಚಿಕಿತ್ಸೆಯೂ ಇದೆ. ನಿದ್ದೆಯ ವೈದ್ಯರಿಗೆ ತೋರಿಸಿ.

ಸ್ವಾರಸ್ಯ ಏನೆಂದರೆ ಏನೂ ಕಾಣದವರಲ್ಲೂ ಕೆಲವರಿಗೆ ಹೀಗಾಗುವುದಿಲ್ಲ. 1995ರಲ್ಲಿ ಚಾರ್ಲ್ಸ್ ಸೈಸ್ಲರ್ ಮತ್ತು ಜೊತೆಗಾರರು ತೋರಿಸಿದರು: ಬೆಳಕು ಕಾಣುತ್ತಿಲ್ಲ ಅನ್ನುವ ಕೆಲವು ಅಂಧರ ಕಣ್ಣಿಗೆ ಪ್ರಖರ ಬೆಳಕು ಬಿಟ್ಟರೂ ಅವರ ಮೆಲಟೋನಿನ್ ಇಳಿಯುತ್ತದೆ. ಯಾವ ಕೋಶ ಇದನ್ನು ಮಾಡುತ್ತಿದೆ? 1998ರಲ್ಲಿ ಇಗ್ನಾಸಿಯೊ ಪ್ರೊವೆನ್ಸಿಯೊ ಮೆಲನಾಪ್ಸಿನ್ ಎಂಬ ಬೆಳಕು ಹಿಡಿಯುವ ಪ್ರೋಟೀನನ್ನು ಕಂಡುಹಿಡಿದರು, ಅದೂ ಕಪ್ಪೆಯ ಚರ್ಮದಲ್ಲಿ! 2002ರಲ್ಲಿ ಡೇವಿಡ್ ಬರ್ಸನ್ ಮತ್ತಿತರರು ರೆಟಿನಾದಿಂದ ಮೆದುಳಿಗೆ ಸುದ್ದಿ ಒಯ್ಯುವ ಗ್ಯಾಂಗ್ಲಿಯನ್ ಕೋಶಗಳಲ್ಲಿ ಒಂದು ಸಣ್ಣ ಗುಂಪು ತಾನೇ ಬೆಳಕು ಹಿಡಿಯುತ್ತದೆ ಅಂತ ತೋರಿಸಿದರು. ಅವು ಚಿತ್ರ ನೋಡುವುದಕ್ಕಿಂತ ಹೆಚ್ಚಾಗಿ ಹೊತ್ತು ನೋಡುತ್ತವೆ.

ಮದುರೈನಲ್ಲಿ ಎಂ.ಕೆ. ಚಂದ್ರಶೇಖರನ್ ಅವರ ತಂಡ ಬಾವಲಿಗಳ ಮೇಲೆ ಕೆಲಸ ಮಾಡಿತ್ತು. ಗುಹೆಯ ಕತ್ತಲಲ್ಲಿ ಇಟ್ಟ ಬಾವಲಿಗಳು ಉಳಿದ ಬಾವಲಿಗಳು ಹೊರಹೋಗುವ ಬರುವ ಗಲಾಟೆಯಿಂದಲೇ ಹೊತ್ತು ಹೊಂದಿಸಿಕೊಳ್ಳುತ್ತವೆ ಅಂತ 1981ರಲ್ಲಿ ಬರೆದರು. ತಮ್ಮನಿಗೆ ಊಟ, ಸ್ನಾನ, ನಡೆಯುವುದು ಹೊತ್ತಿಗೆ ಸರಿಯಾಗಿ ಇಟ್ಟರೆ ಸ್ವಲ್ಪ ಸಹಾಯವಾದೀತು.

ವಾಸ್ಕೊ_ವೀಣಾ

ಅಪ್ಪ ಈಗಿಲ್ಲ. ಇದ್ದಿದ್ದರೆ ಇದನ್ನು ಓದಿ ಹೇಳುತ್ತಿದ್ದೆ. ತಮ್ಮನಿಗೆ ಇವತ್ತು ಸಂಜೆ ಫೋನ್ ಮಾಡುತ್ತೇನೆ.

ಡೊಂಬಿವಲಿ_ಡಬಲ್‌ಫಾಸ್ಟ್

ಗ್ಲಾಕೋಮಾದಲ್ಲಿ ಸಾಯುವುದೂ ಅದೇ ಗ್ಯಾಂಗ್ಲಿಯನ್ ಕೋಶಗಳು ತಾನೇ? ಹಾಗಿದ್ದರೆ ಗ್ಲಾಕೋಮಾ ಜೋರಾದವರಿಗೆ ನಿದ್ದೆಯೂ ಕೆಡಬೇಕು.

ಕೋಥ್ರೂಡ್_ಮೇಷ್ಟ್ರು

ಕೆಡುವುದು ಕಂಡುಬಂದಿದೆ. ಒಳ್ಳೆ ಪಾಯಿಂಟ್.

ಡೊಂಬಿವಲಿ_ಡಬಲ್‌ಫಾಸ್ಟ್

ಡೋಪಮೈನ್ ಅಂದಿರಲ್ಲ, ಮಕ್ಕಳ ಮೈನಸ್ ನಂಬರಿಗೂ ಅದಕ್ಕೂ ಸಂಬಂಧ ಇದೆ ಅಂತ ಕೇಳಿದ್ದೇನೆ. ನಮ್ಮ ಸೊಸೈಟಿಯಲ್ಲಿ ನೋಟಿಸ್ ಹಾಕಿದ್ದಾರೆ: ಕಾಂಪೌಂಡಿನಲ್ಲಿ ಆಟ ಆಡಬಾರದು, ಟೆರೇಸಿಗೆ ಹೋಗಬಾರದು, ಪಾರ್ಕಿಂಗ್‌ನಲ್ಲಿ ಸೈಕಲ್ ಬಿಡಬಾರದು. ಮಗಳು ಎಂಟು ವರ್ಷಕ್ಕೆ ಮೈನಸ್ ಎರಡೂವರೆ.

ದಾದರ್_ದೃಷ್ಟಿ

ಹೊರಗಿನ ಬೆಳಕು ರೆಟಿನಾದಲ್ಲಿ ಡೋಪಮೈನ್ ಹೆಚ್ಚಿಸುತ್ತದೆ, ಅದು ಕಣ್ಣುಗುಡ್ಡೆ ಉದ್ದ ಬೆಳೆಯುವುದನ್ನು ತಡೆಯುತ್ತದೆ ಅನ್ನುವುದು ಈಗಿನ ಮುಖ್ಯ ವಿವರಣೆ. ಬೆಳಕಿನ ಅಳತೆ ಲಕ್ಸ್‌ನಲ್ಲಿ ಹೇಳುವುದಾದರೆ, ಮನೆಯೊಳಗೆ 100ರಿಂದ 500 ಲಕ್ಸ್ ಇದ್ದರೆ ಜಾಸ್ತಿ. ಹೊರಗೆ ಮೋಡ ಇದ್ದರೂ ಸಾವಿರಗಟ್ಟಲೆ, ಬಿಸಿಲಿನಲ್ಲಿ 50,000 ದಾಟುತ್ತದೆ. ತೈವಾನ್ 2010ರಿಂದ ಶಾಲೆ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ನಡೆಸುತ್ತಿದೆ. ನಂಬರ್ ಆಗಲೇ ಬಂದಿದ್ದರೆ ಪೂರ್ತಿ ನಿಲ್ಲುವುದಿಲ್ಲ, ಆದರೂ ಹೊರಗೆ ಕಳಿಸಿ.

ಕಿಂಗ್ಸ್‌ಸರ್ಕಲ್_ಕ್ಯಾಶಿಯರ್

ಆ ನೋಟಿಸ್ ಹಾಕಿದ ಸೆಕ್ರೆಟರಿಗೆ ಇದನ್ನು ಫಾರ್ವರ್ಡ್ ಮಾಡಿ. ಅವರ ಮೊಮ್ಮಗನಿಗೂ ಕನ್ನಡಕ ಇರುತ್ತೆ ನೋಡಿ.

ಡೊಂಬಿವಲಿ_ಡಬಲ್‌ಫಾಸ್ಟ್

ಇದೆ! ದಪ್ಪ ಗಾಜು!

ಘೋಡ್‌ಬಂದರ್_ಗೌರಿ · ಮಂಗಳವಾರ ಮಧ್ಯಾಹ್ನ 1:15

ಎಲ್ಲಿಂದ ಎಲ್ಲಿಗೋ ಹೋಯಿತು ಚರ್ಚೆ, ಆದರೆ ಓದಲು ಚೆನ್ನಾಗಿತ್ತು 🙂 ಇಡೀ ದಿನದ ಪರೀಕ್ಷೆಗೆ ಹೂಂ ಅಂದಿದ್ದೇವೆ. ಫೀಸ್ ಕೇಳಿದೆ, ಒಂದೇ. ಮೋಹನ ಅವರಿಗೆ ಬೇಜಾರಾಗದಿರಲಿ. ಹೋಗುವ ಮುಂಚೆ ಏನಾದರೂ ಗಮನಿಸಬೇಕಾ? ಅಮ್ಮ ಬೆಳಿಗ್ಗೆ ಯೋಗ ಮಾಡುತ್ತಾರೆ, ಎರಡು ಲೋಟ ಕಾಫಿ.

ದಾದರ್_ದೃಷ್ಟಿ

ಶೀರ್ಷಾಸನ ಮಾಡುತ್ತಾರಾ?

ಘೋಡ್‌ಬಂದರ್_ಗೌರಿ

ಮಾಡುತ್ತಾರೆ. ಅದರಲ್ಲೇ ಅವರಿಗೆ ಹೆಮ್ಮೆ.

ದಾದರ್_ದೃಷ್ಟಿ

ನಿಲ್ಲಿಸಲು ಹೇಳಿ. ಇವತ್ತೇ. ತಲೆ ಕೆಳಗಾಗಿ ನಿಂತಾಗ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಚೆನ್ನೈನ ಕಣ್ಣಿನ ವೈದ್ಯರು 2006ರಲ್ಲೇ ಅಳೆದು ಪ್ರಕಟಿಸಿದ್ದಾರೆ. ಬೇರೆ ಯೋಗ, ನಡಿಗೆ ಎಲ್ಲ ಮಾಡಲಿ. ಕಾಫಿ ಗ್ಲಾಕೋಮಾ ಇರುವವರಲ್ಲಿ ಸ್ವಲ್ಪ ಹೊತ್ತು ಒತ್ತಡ ಸ್ವಲ್ಪ ಏರಿಸುತ್ತದೆ. ಪರೀಕ್ಷೆಯ ದಿನ ಎಂದಿನಂತೆಯೇ ಕುಡಿಯಲಿ, ಆದರೆ ಕುಡಿದ ಸಮಯ ಹೇಳಲಿ. ಮನೆಯ ದಿನಚರಿಯಲ್ಲಿ ಒತ್ತಡ ಎಷ್ಟು ಅನ್ನುವುದೇ ಬೇಕಾದದ್ದು. ನೀರನ್ನು ಒಂದೇ ಉಸಿರಿಗೆ ಲೀಟರ್‌ಗಟ್ಟಲೆ ಕುಡಿಯುವುದು ಬೇಡ, ಅದೂ ಏರಿಸುತ್ತದೆ. ಬಿಪಿ ಮಾತ್ರೆ ರಾತ್ರಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಬಿಪಿ ತೀರಾ ಇಳಿದರೆ ಕಣ್ಣಿನ ನರಕ್ಕೆ ರಕ್ತ ಕಡಿಮೆಯಾಗಬಹುದು.

ಕಾಂದಿವಲಿ_ಕಷಾಯ

ಶೀರ್ಷಾಸನ ಆಸನಗಳ ರಾಜ. ಅದನ್ನೂ ಬಿಡಿಸಿದಿರಾ? ಇನ್ನು ಉಳಿದದ್ದೇನು?

ಘೋಡ್‌ಬಂದರ್_ಗೌರಿ

ಕಣ್ಣು ಉಳಿಯುತ್ತೆ ಸರ್.

ಹಿಂಜವಡಿ_ನಿಶಾಚರ

ಬಿಪಿಗೆ ಇರುವ ಹಾಗೆ ಮನೆಯಲ್ಲೇ ನೋಡುವ ಮೆಷಿನ್ ಇಲ್ವಾ? ರಾತ್ರಿಯ ಒತ್ತಡವೇ ಮುಖ್ಯ ಅಂದಮೇಲೆ ಕ್ಲಿನಿಕ್ ಹೊತ್ತಿನಲ್ಲಿ ನೋಡಿ ಏನು ಪ್ರಯೋಜನ?

ದಾದರ್_ದೃಷ್ಟಿ

ಇದೆ. ಐಕೇರ್ ಹೋಮ್ ಅಂತ, ಒಂದು ಸಣ್ಣ ಕಡ್ಡಿ ಕಾರ್ನಿಯಾಕ್ಕೆ ತಾಗಿ ಹಿಂದೆ ಚಿಮ್ಮುತ್ತದೆ, ಮರಗಟ್ಟಿಸುವ ಹನಿಯೂ ಬೇಡ. ಬೆಲೆ ಮಾತ್ರ ಎಲ್ಲರಿಗೂ ಆಗುವುದಿಲ್ಲ. 24 ಗಂಟೆ ಹಾಕಿಕೊಳ್ಳುವ ಸೆನ್ಸರ್ ಇರುವ ಕಾಂಟ್ಯಾಕ್ಟ್ ಲೆನ್ಸ್ ಕೂಡ ಬಂದಿದೆ, ಟ್ರಿಗರ್‌ಫಿಶ್ ಅಂತ ಹೆಸರು. ಅದು ಕಣ್ಣಿನ ಆಕಾರದ ಬದಲಾವಣೆ ಹೇಳುತ್ತದೆ, ಪಾದರಸದ ಲೆಕ್ಕ ಹೇಳುವುದಿಲ್ಲ. ಹಗಲಿನ ಪರೀಕ್ಷೆ ದಂಡ ಅಲ್ಲ. ಗೌರಿ ಅವರ ಅಮ್ಮನ 23 ಸಿಕ್ಕಿದ್ದೇ ಬೆಳಿಗ್ಗೆ ಎಂಟಕ್ಕೆ ಹೋದದ್ದಕ್ಕೆ. ಕೆಲವು ಕಡೆ ಮಲಗಿಸಿಯೂ ಅಳೆಯುತ್ತಾರೆ, ರಾತ್ರಿಯ ಒತ್ತಡದ ಅಂದಾಜು ಸಿಗುತ್ತದೆ.

ಗೌರಿ ಅವರೇ, ನಿಮಗೆ 40 ಆಗಿದ್ದರೆ ನೀವೂ ಅದೇ ದಿನ ತೋರಿಸಿಕೊಳ್ಳಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಇದ್ದರೆ ನಮಗೆ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ. ನಿಶಾಚರರೇ, ನಿಮಗೂ ಇದೇ ಮಾತು. ಎದ್ದ ತಕ್ಷಣದ ಹೊತ್ತಿಗೆ ಒಮ್ಮೆ, ಲಾಗಿನ್ ಆಗುವ ಮುಂಚೆ ಒಮ್ಮೆ.

ಮುಲುಂಡ್_ಮೋಹನ · ಮಂಗಳವಾರ ರಾತ್ರಿ 11:50

ಅಪ್ಪನಿಗೆ ಇತ್ತು. ಕೊನೆಗೆ ಏನೂ ಕಾಣುತ್ತಿರಲಿಲ್ಲ. ನನಗೆ 47. ಯಾವ ಹೊತ್ತಿಗೆ ಹೋಗಬೇಕು?

ದಾದರ್_ದೃಷ್ಟಿ

ಯಾವ ಹೊತ್ತಿಗಾದರೂ ಸರಿ, ಈ ವಾರ ಹೋಗಿ. ಒತ್ತಡ ಮಾತ್ರ ನೋಡಿ ಕಳಿಸಿದರೆ ಒಪ್ಪಬೇಡಿ. ಪಾಪೆ ಹಿಗ್ಗಿಸಿ ನರ ನೋಡಬೇಕು, ಅಂಚಿನ ನೋಟದ ಪರೀಕ್ಷೆ ಆಗಬೇಕು, ಕಾರ್ನಿಯಾ ದಪ್ಪ ಅಳೆಯಬೇಕು. ದಪ್ಪ ಜಾಸ್ತಿ ಇದ್ದರೆ ನಂಬರ್ ಜಾಸ್ತಿ ತೋರಿಸುತ್ತದೆ, ತೆಳ್ಳಗಿದ್ದರೆ ಕಡಿಮೆ.

ಮುಲುಂಡ್_ಮೋಹನ

ಹೋಗುತ್ತೇನೆ. ಬಿಲ್ ಮಾತ್ರ ಇಲ್ಲೇ ಹಾಕುತ್ತೇನೆ, ಎಲ್ಲರೂ ನೋಡಲಿ.

ಕಿಂಗ್ಸ್‌ಸರ್ಕಲ್_ಕ್ಯಾಶಿಯರ್

ಹಾಕಿ ಹಾಕಿ. ನಮ್ಮ ಭಟ್ಟರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೀರಾ? ಎರಡೂವರೆ ಮೇಲೆ ಮಾತ್ರ ಸಿಗುತ್ತಾರೆ.